ಬಾಯಿ ಬಿಟ್ಟರೆ ಬಣ್ಣಗೇಡೆ?

‘ಬಾಯಿ ಬಿಟ್ಟರೆ ಬಣ್ಣಗೇಡು’ ಎಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಗಾದೆ. ಆಡಬಾರದ ಕಡೆ ಆಡಿ ತನ್ನ ಬಣ್ಣವನ್ನು ತಾನೇ ಬಯಲುಮಾಡಿಕೊಳ್ಳುವವನನ್ನು ಕುರಿತು ಹುಟ್ಟಿದ ಮಾತು ಅದು. ಆದರೆ ಮನುಷ್ಯನು ಒಂದು ಮಾತನ್ನೂ ಆಡದೆ, ಕೇವಲ ಬಾಯಿ ತೆರೆದಮಾತ್ರಕ್ಕೆ ಅವನ ಗುಟ್ಟು ಬಯಲಾಗಬಹುದಾದ ಸ್ಥಳವೊಂದುಂಟು. ಅದು ದಂತವೈದ್ಯರ ಕುರ್ಚಿ. ಅಲ್ಲಿ ಕುಳಿತವನು ಧಣಿಯಾಗಲಿ ಆಳಾಗಲಿ, ತಲೆಯನ್ನು ಹಿಂದಕ್ಕೊರಗಿಸಿ, ದೀಪದ ಬೆಳಕಿಗೆ ಮುಖವೊಡ್ಡಿ ಬಾಯಿ ತೆರೆಯಲೇಬೇಕು. ಹಲ್ಲುನೋವೆಂದು ಬಂದವನ ನಾಲಿಗೆ, ಒಸಡು, ಅಂಗುಳಗಳು ಅವನು ಹೇಳದಿದ್ದ, ಎಷ್ಟೋ ವೇಳೆ ಅವನಿಗೇ ತಿಳಿಯದಿದ್ದ ಸಂಗತಿಯನ್ನು ವೈದ್ಯರ ಕಣ್ಣಿಗೆ ತಿಳಿಸಿಬಿಡುತ್ತವೆ. ಅಂಥ ಸಂಗತಿಗಳಲ್ಲಿ ಎಚ್.ಐ.ವಿ. ಸೋಂಕು ಒಂದು. ಹೀಗೆ ಬಯಲಾದ ಗುಟ್ಟು ರೋಗಿಗೆ ಬದುಕಿನ ದಾರಿಯಾಗಬೇಕೆ, ಬಣ್ಣಗೇಡಿನ ದಾರಿಯಾಗಬೇಕೆ ಎಂಬ ಪ್ರಶ್ನೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಾಲಿಗೆಯನ್ನು ನೋಡಿ ಒಡಲನ್ನು ಅರಿಯುವುದು ನಮಗೆ ಹೊಸದಲ್ಲ. ಆಯುರ್ವೇದದ ಅಷ್ಟಸ್ಥಾನ ಪರೀಕ್ಷೆಯಲ್ಲಿ ನಾಡಿಯಂತೆಯೇ ಜಿಹ್ವೆಯೂ ಒಂದು ಸ್ಥಾನ. ಊರಿನ ಪಂಡಿತರು ನಾಡಿ ಹಿಡಿದ ಬಳಿಕ ‘ಎಲ್ಲಿ, ನಾಲಿಗೆ ಚಾಚು’ ಎನ್ನುತ್ತಿದ್ದುದನ್ನು ಹಿರಿಯ ವಾಚಕರು ಬಲ್ಲರು. ಇಂದಿನ ವೈದ್ಯಶಾಸ್ತ್ರವೂ ಈ ಪದ್ಧತಿಯನ್ನು ಕೈಬಿಟ್ಟಿಲ್ಲ. ರಕ್ತ ಕಡಮೆಯಾದರೆ ನಾಲಿಗೆ ಬಿಳಿಚಿಕೊಳ್ಳುತ್ತದೆ; ಅನ್ನಾಂಗಗಳ ಕೊರತೆಯಾದರೆ ಕಟಬಾಯಿ ಬಿರಿಯುತ್ತದೆ; ಮಧುಮೇಹ ಹತೋಟಿಯಲ್ಲಿಲ್ಲದಿದ್ದರೆ ಒಸಡು ಸಡಿಲವಾಗುತ್ತದೆ. ದೇಹದ ಒಳಮನೆಯಲ್ಲಿ ಏನು ನಡೆಯುತ್ತಿದೆಯೆಂಬುದಕ್ಕೆ ಬಾಯಿಯೇ ಹೊಸ್ತಿಲು. ಹೊಸ್ತಿಲಲ್ಲಿ ನಿಂತು ನೋಡಬಲ್ಲವನಿಗೆ ಒಳಗಿನ ಅನೇಕ ವಿಷಯಗಳು ತಿಳಿದುಬರುತ್ತವೆ.

ಎಚ್.ಐ.ವಿ. ಎಂಬ ವೈರಾಣು ದೇಹದ ಕಾವಲುಪಡೆಯನ್ನೇ ಹಿಡಿದು ಕೆಡಿಸುವಂಥದು. ರೋಗಗಳೊಡನೆ ಹೋರಾಡುವ ಬಿಳಿಯ ರಕ್ತಕಣಗಳಲ್ಲಿ ಸಿ.ಡಿ.೪ ಎಂದು ಕರೆಯಲಾಗುವ ಒಂದು ವರ್ಗವುಂಟು. ವೈರಾಣು ಅವುಗಳೊಳಗೆ ಹೊಕ್ಕು, ಅಲ್ಲಿಯೇ ವೃದ್ಧಿಯಾಗಿ, ಅವನ್ನು ನಾಶಮಾಡುತ್ತ ಹೋಗುತ್ತದೆ. ಇದು ದಿನ ಎರಡು ದಿನದ ಕೆಲಸವಲ್ಲ. ಚಿಕಿತ್ಸೆಯಿಲ್ಲದಿದ್ದರೆ ಸಾಮಾನ್ಯವಾಗಿ ಎಂಟು ಹತ್ತು ವರ್ಷಗಳ ಕಾಲ ಈ ಸವೆತ ಒಳಗೊಳಗೇ ನಡೆಯುತ್ತದೆ. ಆ ಅವಧಿಯಲ್ಲಿ ಮನುಷ್ಯನು ದುಡಿಯುತ್ತಾನೆ, ಮದುವೆಯಾಗುತ್ತಾನೆ, ಮಕ್ಕಳನ್ನು ಪಡೆಯುತ್ತಾನೆ. ತನಗೇನೋ ಆಗಿದೆಯೆಂಬ ಶಂಕೆಯೇ ಅವನಿಗಿರುವುದಿಲ್ಲ. ಸೋಂಕು ತಗಲಿರುವುದು ಎಚ್.ಐ.ವಿ.; ಕಾವಲು ಮುರಿದುಬಿದ್ದು ಸಾಮಾನ್ಯ ರೋಗಾಣುಗಳೂ ಮೇಲೇರಿ ಬರುವ ಕೊನೆಯ ಸ್ಥಿತಿ ಏಡ್ಸ್. ಇವೆರಡರ ನಡುವಣ ದೀರ್ಘವಾದ ಮೌನದಲ್ಲಿ ಅನೇಕರಲ್ಲಿ ಮೊದಲು ಬಾಯಿಬಿಡುವ ಅಂಗವೆಂದರೆ ಬಾಯಿಯೇ.

ಈ ರೋಗದ ಇತಿಹಾಸದ ಮೊದಲನೆಯ ಪುಟದಲ್ಲಿಯೇ ಇದಕ್ಕೆ ಸಾಕ್ಷ್ಯವಿದೆ. ೧೯೮೧ನೆಯ ಜೂನ್ ೫ರಂದು ಅಮೆರಿಕದ ರೋಗನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಲಾಸ್ ಏಂಜಲಿಸ್ ನಗರದ ಐವರು ತರುಣರ ವೃತ್ತಾಂತ ಪ್ರಕಟವಾಯಿತು. ಅವರಿಗೆ ಬಂದಿದ್ದ ಅಪೂರ್ವವಾದ ಶ್ವಾಸಕೋಶದ ಸೋಂಕೇ ವರದಿಯ ಮುಖ್ಯ ವಿಷಯ. ಆದರೆ ಆ ಐವರ ಲೋಳೆಪೊರೆಯಲ್ಲಿಯೂ ಕ್ಯಾಂಡಿಡ ಎಂಬ ಶಿಲೀಂಧ್ರ ಬೆಳೆದಿತ್ತೆಂಬುದನ್ನು ಅದೇ ವರದಿ ದಾಖಲೆಮಾಡಿತು. ಮೊದಲನೆಯ ರೋಗಿಯಲ್ಲಂತೂ ಅದು ಬಾಯೊಳಗೇ ಕಾಣಿಸಿಕೊಂಡಿತ್ತು. ರೋಗಕ್ಕೆ ಆಗ ಹೆಸರಿರಲಿಲ್ಲ. ಅದರ ವೈರಾಣು ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ಕಂಡುಬಂದದ್ದು ೧೯೮೩ರಲ್ಲಿ. ಹೆಸರಿಗಿಂತ ಮೊದಲೇ, ಕಾರಣಕ್ಕಿಂತ ಮೊದಲೇ, ಬಾಯಿಯ ಗುರುತು ಅಲ್ಲಿತ್ತು.

ಎಳೆಗೂಸುಗಳ ನಾಲಿಗೆಯ ಮೇಲೆ ಹಾಲಿನ ಕೆನೆಯಂತೆ ಬೆಳ್ಳಗೆ ಕಟ್ಟುವುದನ್ನು ತಾಯಂದಿರೆಲ್ಲರೂ ನೋಡಿರುತ್ತಾರೆ. ಅದು ಬಹುಮಟ್ಟಿಗೆ ಈ ಕ್ಯಾಂಡಿಡ ಶಿಲೀಂಧ್ರದ ಕೆಲಸ. ಕೂಸಿನಲ್ಲಿ ಅದು ಬಂದು ಹೋಗುವ ಸಣ್ಣ ತೊಂದರೆ. ಆದರೆ ಮೂವತ್ತು ನಲವತ್ತು ವರ್ಷದ ಗಟ್ಟಿಮುಟ್ಟಾದ ಮನುಷ್ಯನ ಅಂಗುಳದಲ್ಲಿ, ಕೆನ್ನೆಯ ಒಳಭಾಗದಲ್ಲಿ ಅದೇ ಬಿಳಿಯ ಕೆನೆ ಕಾಣಿಸಿಕೊಂಡರೆ, ಹತ್ತಿಯಿಂದ ಒರೆಸಿದಾಗ ಅದು ಕಿತ್ತುಬಂದು ಅಡಿಯಲ್ಲಿ ಕೆಂಪು ತೋರಿದರೆ, ವೈದ್ಯರು ಒಂದು ಕ್ಷಣ ನಿಂತು ಯೋಚಿಸಬೇಕಾಗುತ್ತದೆ. ಕೆಲವರಲ್ಲಿ ಬಿಳಿಯ ಬಣ್ಣವೇ ಇರದೆ ನಾಲಿಗೆಯ ನಡುವೆ, ಅಂಗುಳದ ಮೇಲೆ ನುಣುಪಾದ ಕೆಂಪು ಮಚ್ಚೆಗಳಾಗಿ ತೋರುವುದೂ ಉಂಟು. ಕಟಬಾಯಿಯ ಎರಡು ಕಡೆಯೂ ಬಿರಿದು ಮಾಗದಿರುವುದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯು ಎಚ್.ಐ.ವಿ. ಸೋಂಕನ್ನು ಲಕ್ಷಣಗಳ ಮೇಲೆ ನಾಲ್ಕು ಹಂತಗಳಾಗಿ ವಿಂಗಡಿಸಿರುವಲ್ಲಿ, ಮತ್ತೆಮತ್ತೆ ಬರುವ ಬಾಯಿಹುಣ್ಣು, ಬಿರಿದ ಕಟಬಾಯಿಗಳನ್ನು ಎರಡನೆಯ ಹಂತದಲ್ಲಿಯೂ, ವಾಸಿಯಾಗದೆ ನಿಂತ ಬಾಯಿಯ ಕ್ಯಾಂಡಿಡ ಸೋಂಕನ್ನು ಮೂರನೆಯ ಹಂತದಲ್ಲಿಯೂ ಇರಿಸಿದೆ.

೧೯೮೪ರಲ್ಲಿ ಸಾನ್ ಫ್ರಾನ್ಸಿಸ್ಕೋ ನಗರದ ಡೆಬೊರಾ ಗ್ರೀನ್‌ಸ್ಪಾನ್, ಜಾನ್ ಗ್ರೀನ್‌ಸ್ಪಾನ್ ದಂಪತಿಗಳೂ ಅವರ ಸಹೋದ್ಯೋಗಿಗಳೂ ಇನ್ನೊಂದು ಚಿಹ್ನೆಯನ್ನು ವೈದ್ಯಲೋಕದ ಗಮನಕ್ಕೆ ತಂದರು. ಅದು ನಾಲಿಗೆಯ ಅಂಚಿನಲ್ಲಿ, ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ, ಸುಕ್ಕುಸುಕ್ಕಾಗಿ ಕಾಣುವ ಬಿಳಿಯ ಪಟ್ಟೆ. ಇದನ್ನು ಒರೆಸಿದರೆ ಬಿಡುವುದಿಲ್ಲ, ನೋವೂ ಇರುವುದಿಲ್ಲ, ಆದ್ದರಿಂದ ರೋಗಿಯ ಗಮನಕ್ಕೆ ಬರುವುದು ಅಪರೂಪ. ಬಹುಜನರ ದೇಹದಲ್ಲಿ ಬಾಲ್ಯದಿಂದಲೂ ನಿದ್ರಿಸುತ್ತಿರುವ ಎಪ್‌ಸ್ಟೈನ್–ಬಾರ್ ಎಂಬ ವೈರಾಣು ಕಾವಲು ಸಡಿಲವಾದೊಡನೆ ಎಚ್ಚೆತ್ತು ಹೀಗೆ ತೋರಿಕೊಳ್ಳುತ್ತದೆ. ಒಸಡಿನ ಅಂಚಿನಲ್ಲಿ ಕೆಂಪು ನೂಲೆಳೆದಂತೆ ಕಾಣುವ ಗೆರೆ, ಹಲ್ಲುಗಳ ನಡುವಣ ಒಸಡು ಬೇಗಬೇಗನೆ ಕೊಳೆತು ತೀವ್ರವಾಗಿ ನೋಯುವುದು, ತಿಂಗಳಾದರೂ ಮಾಗದ ಸರ್ಪಿನ ಹುಣ್ಣು, ಅಂಗುಳದ ಮೇಲೆ ನೇರಳೆಬಣ್ಣದ ಗಂಟಾಗಿ ತೋರುವ ಕಪೋಸಿಯ ಅರ್ಬುದ—ಇವೆಲ್ಲವೂ ಅದೇ ಪಟ್ಟಿಗೆ ಸೇರಿದವು. ಕೊನೆಯದು ಪಶ್ಚಿಮದೇಶಗಳಲ್ಲಿಯೂ ಆಫ್ರಿಕದಲ್ಲಿಯೂ ಪ್ರಸಿದ್ಧವಾದರೂ ನಮ್ಮ ದೇಶದಲ್ಲಿ ವಿರಳ. ತಾಯಿಯಿಂದ ಸೋಂಕು ಪಡೆದ ಮಕ್ಕಳಲ್ಲಿ ಕಿವಿಯ ಕೆಳಗಣ ಜೊಲ್ಲುಗ್ರಂಥಿಗಳು ಎರಡು ಕಡೆಯೂ ಊದಿಕೊಂಡು ಬಹುದಿನ ಹಾಗೆಯೇ ಉಳಿಯುವುದುಂಟು.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದುವರಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾದೀತು. ಮೇಲೆ ಹೇಳಿದ ಚಿಹ್ನೆಗಳಲ್ಲಿ ಯಾವುದೂ ತೀರ್ಪಲ್ಲ. ಸಿಹಿಮೂತ್ರದ ರೋಗಿಗೆ, ಕಟ್ಟಿಸಿದ ಹಲ್ಲುಸೆಟ್ಟನ್ನು ರಾತ್ರಿಯೂ ತೆಗೆಯದೆ ಮಲಗುವ ವೃದ್ಧರಿಗೆ, ಉಬ್ಬಸಕ್ಕೆಂದು ಔಷಧವನ್ನು ಬಾಯಿಂದ ಎಳೆದುಕೊಳ್ಳುವವರಿಗೆ, ಬಹುಕಾಲ ಪ್ರತಿಜೀವಕ ಔಷಧಗಳನ್ನು ಸೇವಿಸಿದವರಿಗೆ ಅದೇ ಶಿಲೀಂಧ್ರ ಬರುತ್ತದೆ. ಎಲೆಅಡಿಕೆ, ಕಡ್ಡಿಪುಡಿ, ಗುಟ್ಕಾಗಳನ್ನು ದವಡೆಯಲ್ಲಿಟ್ಟುಕೊಳ್ಳುವ ನಮ್ಮ ನಾಡಿನಲ್ಲಿ ಕೆನ್ನೆಯೊಳಗಿನ ಬಿಳಿಯ ಮಚ್ಚೆ ಹೊಗೆಸೊಪ್ಪಿನಿಂದಾದುದೇ ಹೆಚ್ಚು. ಅದು ಬೇರೊಂದು ಭಯದ, ಬಾಯಿಯ ಕ್ಯಾನ್ಸರಿನ, ಮುನ್ಸೂಚನೆ. ಬಾಯಿಹುಣ್ಣಂತೂ ನಿದ್ದೆಗೆಟ್ಟವರಿಗೂ ಬರುತ್ತದೆ. ಆದಕಾರಣ ಈ ಲೇಖನವನ್ನು ಓದಿದವರು ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿ ಗಾಬರಿಯಾಗಬೇಕಾಗಿಲ್ಲ. ಅದಕ್ಕಿಂತಲೂ ಮುಖ್ಯವಾಗಿ, ಪಕ್ಕದ ಮನೆಯವರ ಕಟಬಾಯಿಯನ್ನು ನೋಡಿ ಅರ್ಥ ಕಟ್ಟಬೇಕಾಗಿಲ್ಲ. ಚಿಹ್ನೆ ಪ್ರಶ್ನೆಯನ್ನು ಮಾತ್ರ ಕೇಳುತ್ತದೆ. ಉತ್ತರ ಹೇಳಬೇಕಾದದ್ದು ರಕ್ತಪರೀಕ್ಷೆ.

ಹಾಗಾದರೆ ಪ್ರಶ್ನೆಯನ್ನು ಕೇಳಿ ಪ್ರಯೋಜನವೇನು? ಮೂವತ್ತು ವರ್ಷಗಳ ಹಿಂದೆ ಈ ಮಾತಿಗೆ ಸಮಾಧಾನ ಹೇಳುವುದು ಕಷ್ಟವಾಗುತ್ತಿತ್ತು. ಭಾರತದಲ್ಲಿ ಮೊದಲ ಬಾರಿಗೆ ಈ ಸೋಂಕು ಪತ್ತೆಯಾದದ್ದು ೧೯೮೬ರಲ್ಲಿ, ಮದರಾಸಿನಲ್ಲಿ. ವೈದ್ಯೆ ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಎಸ್. ನಿರ್ಮಲಾ ಎಂಬ ವಿದ್ಯಾರ್ಥಿನಿ ಸಂಗ್ರಹಿಸಿದ ರಕ್ತದ ಮಾದರಿಗಳಲ್ಲಿ. ಅಂದು ರೋಗದ ಹೆಸರನ್ನು ತಿಳಿಯುವುದೆಂದರೆ ಮರಣದ ದಿನವನ್ನು ತಿಳಿದಂತೆಯೇ ಎಂದು ಜನ ಭಾವಿಸಿದ್ದರು. ಇಂದು ಹಾಗಿಲ್ಲ. ೨೦೦೪ನೆಯ ಏಪ್ರಿಲ್ ೧ರಿಂದ ಸರ್ಕಾರವೇ ಔಷಧವನ್ನು ಉಚಿತವಾಗಿ ಕೊಡಲು ಮೊದಲುಮಾಡಿತು, ೨೦೧೭ರಿಂದ ಸಿ.ಡಿ.೪ ಕಣಗಳ ಲೆಕ್ಕವೆಷ್ಟೇ ಇರಲಿ, ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆಯೆಂಬ ನೀತಿ ಬಂದಿತು. ಸೋಂಕನ್ನು ಬೇರುಸಹಿತ ಕೀಳುವ ಸಾಮಾನ್ಯ ಔಷಧ ಇನ್ನೂ ದೊರೆತಿಲ್ಲವೆಂಬುದು ನಿಜ. ಆದರೆ ಪ್ರತಿದಿನ ತಪ್ಪದೆ ಮಾತ್ರೆ ನುಂಗುವವನ ರಕ್ತದಲ್ಲಿ ವೈರಾಣು ಅಳತೆಗೂ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದು ನಿಂತರೆ ಅವನು ಹೆಚ್ಚುಕಡಮೆ ಪೂರ್ಣಾಯುಷ್ಯವನ್ನು ಬಾಳಬಲ್ಲನು. ದಾಂಪತ್ಯದಲ್ಲಿ ಸಂಗಾತಿಗೂ ಅವನಿಂದ ಸೋಂಕು ಹರಡುವುದಿಲ್ಲವೆಂದು ಸಂಶೋಧನೆಗಳು ದೃಢಪಡಿಸಿವೆ. ಕಾಲವರಿತು ತಿಳಿದರೆ ಹೆರಿಗೆಯಲ್ಲಿ ಮಗುವನ್ನೂ ಉಳಿಸಿಕೊಳ್ಳಬಹುದು.

ಎಂದಮೇಲೆ ಎಲ್ಲವೂ ನಿಂತಿರುವುದು ಬೇಗ ತಿಳಿಯುವುದರ ಮೇಲೆ. ನಮ್ಮ ದೇಶದಲ್ಲಿ ಈ ಸೋಂಕಿನೊಡನೆ ಬಾಳುತ್ತಿರುವವರು ೨೫ ಲಕ್ಷಕ್ಕೂ ಮಿಗಿಲು ಎಂದು ೨೦೨೩ರ ಸರ್ಕಾರಿ ಅಂದಾಜು ಹೇಳುತ್ತದೆ. ಅವರಲ್ಲಿ ತಮ್ಮ ಸ್ಥಿತಿಯನ್ನು ಅರಿಯದವರೂ ಉಂಟು. ಕ್ಷಯವೋ ನ್ಯುಮೋನಿಯವೋ ಹಾಸಿಗೆ ಹಿಡಿಸಿದ ಮೇಲೆ ಅರಿಯುವವರೂ ಉಂಟು. ಇವರು ತಾವಾಗಿ ಎಚ್.ಐ.ವಿ. ಪರೀಕ್ಷೆಗೆ ಹೋಗುವವರಲ್ಲ. ಆದರೆ ಹಲ್ಲುನೋವು ಯಾರನ್ನೂ ಬಿಡುವುದಿಲ್ಲ. ರಾತ್ರಿಯೆಲ್ಲ ಲವಂಗವಿಟ್ಟು ಕಚ್ಚಿಹಿಡಿದು, ಬೆಳಗಾದೊಡನೆ ದಂತವೈದ್ಯರ ಬಾಗಿಲಿಗೆ ಓಡುವವರಲ್ಲಿ ಅವರೂ ಇರುತ್ತಾರೆ. ಆ ಬೆಳಗ್ಗೆ ವೈದ್ಯರು ನೋಯುವ ಹಲ್ಲನ್ನು ಮಾತ್ರ ನೋಡಿ ಕಳುಹಿಸದೆ, ನಾಲಿಗೆಯ ಅಂಚನ್ನೂ ಅಂಗುಳವನ್ನೂ ಒಮ್ಮೆ ನೋಡಿದರೆ, ಒಂದು ಕುಟುಂಬದ ಹಣೆಬರಹವೇ ಬದಲಾಗಬಹುದು. ಈಗಾಗಲೇ ಚಿಕಿತ್ಸೆಯಲ್ಲಿರುವವನ ಬಾಯಲ್ಲಿ ಬಿಳಿಯ ಕೆನೆ ಮತ್ತೆ ಕಾಣಿಸಿಕೊಂಡರೆ, ಅವನು ಮಾತ್ರೆ ಬಿಟ್ಟಿರಬಹುದು ಅಥವಾ ಮಾತ್ರೆ ಕೆಲಸಮಾಡದಿರಬಹುದು ಎಂಬುದಕ್ಕೂ ಅದೇ ಗುರುತು. ಸಾಮಾನ್ಯರು ಹಲ್ಲು ಕೀಳುವವರೆಂದು ಕರೆಯುವ ಈ ವೈದ್ಯರು ವಾಸ್ತವವಾಗಿ ಊರಿನ ಕಾವಲುಗಾರರಲ್ಲಿ ಒಬ್ಬರು.

ಕಂಡದ್ದನ್ನು ಹೇಳುವುದು ಹೇಗೆ? ನನ್ನ ಅಭಿಪ್ರಾಯದಲ್ಲಿ ಕಾಣುವುದಕ್ಕಿಂತ ಹೇಳುವುದೇ ಹೆಚ್ಚಿನ ವಿದ್ಯೆ. ಬಾಯಿ ನೋಡಿದೊಡನೆ ಕೈ ಹಿಂದಕ್ಕೆಳೆದು, ಸಹಾಯಕನ ಕಡೆ ಅರ್ಥಪೂರ್ಣವಾಗಿ ನೋಡಿ, ‘ನಿಮಗೆ ಇನ್ನೇನಾದರೂ ಕಾಯಿಲೆ ಇದೆಯೆ?’ ಎಂದು ಹೊರಗಿನ ಬೆಂಚಿಗೂ ಕೇಳುವಂತೆ ಪ್ರಶ್ನಿಸಿದರೆ ಆ ರೋಗಿ ಮತ್ತೆಂದೂ ಯಾವ ವೈದ್ಯರ ಮುಂದೆಯೂ ಬಾಯಿ ತೆರೆಯುವುದಿಲ್ಲ. ಅದರ ಬದಲು ಹಲ್ಲಿನ ಕೆಲಸವನ್ನು ಮುಗಿಸಿ, ಬಾಗಿಲು ಮುಚ್ಚಿ, ಎದುರಿಗೆ ಕುಳಿತು, ‘ನೋಡಿ ತಾಯಿ, ನಿಮ್ಮ ಬಾಯೊಳಗೆ ಬಿಳಿಯ ಪದರ ಕಟ್ಟಿದೆ. ಇದಕ್ಕೆ ಹಲವು ಕಾರಣಗಳಿರಬಹುದು. ದೇಹದ ಶಕ್ತಿ ಕುಂದಿದಾಗಲೂ ಹೀಗಾಗುತ್ತದೆ. ರಕ್ತದಲ್ಲಿ ಸಕ್ಕರೆಯ ಪರೀಕ್ಷೆ, ಎಚ್.ಐ.ವಿ. ಪರೀಕ್ಷೆ ಎರಡನ್ನೂ ಮಾಡಿಸಿಕೊಳ್ಳುವುದು ಒಳ್ಳೆಯದು. ಮಾಡಿಸುವುದೂ ಬಿಡುವುದೂ ನಿಮ್ಮ ಇಷ್ಟ. ಏನೇ ಬಂದರೂ ಔಷಧವಿದೆ. ಹಲ್ಲಿಗೆ ನೀವು ನನ್ನ ಬಳಿಯೇ ಬನ್ನಿ’ ಎಂದು ಹೇಳುವುದಕ್ಕೆ ಐದು ನಿಮಿಷ ಸಾಕು. ಕೊನೆಯ ವಾಕ್ಯ ಎಲ್ಲಕ್ಕಿಂತ ಮುಖ್ಯವಾದದ್ದು. ಸರ್ಕಾರಿ ಆಸ್ಪತ್ರೆಗಳ ಆಪ್ತಸಮಾಲೋಚನೆ ಹಾಗೂ ಪರೀಕ್ಷಾ ಕೇಂದ್ರಗಳಲ್ಲಿ ಈ ಪರೀಕ್ಷೆಗೆ ಹಣ ಕೊಡಬೇಕಾಗಿಲ್ಲ. ೧೦೯೭ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಖರ್ಚಿಲ್ಲದೆ ಮಾಹಿತಿ ದೊರೆಯುತ್ತದೆ. ದಂತವೈದ್ಯರು ಈ ಕೇಂದ್ರದ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೂ ಸಾಕು.

ಆದರೆ ವಾಸ್ತವಸ್ಥಿತಿ ಬೇರೆಯಾಗಿದೆ. ಸೋಂಕಿರುವುದನ್ನು ಪ್ರಾಮಾಣಿಕವಾಗಿ ಮೊದಲೇ ತಿಳಿಸಿದ ರೋಗಿಗೆ ದಂತಚಿಕಿತ್ಸೆ ಸಿಗದೆ ಹೋಗುವ ಬಗೆಗಳು ಒಂದೆರಡಲ್ಲ. ನೇರವಾಗಿ ‘ಆಗುವುದಿಲ್ಲ’ ಎನ್ನುವವರು ವಿರಳ. ಯಂತ್ರ ಕೆಟ್ಟಿದೆಯೆನ್ನುವವರುಂಟು, ದೊಡ್ಡ ಆಸ್ಪತ್ರೆಗೆ ಹೋಗಿ ಎನ್ನುವವರುಂಟು, ಎಲ್ಲರೂ ಹೋದಮೇಲೆ ರಾತ್ರಿ ಬನ್ನಿ ಎನ್ನುವವರುಂಟು, ಕೀಳಬೇಕಾಗಿಲ್ಲದ ಹಲ್ಲನ್ನು ಬೇರಿನ ಚಿಕಿತ್ಸೆಗೆ ಹೊತ್ತಾಗುತ್ತದೆಂದು ಕಿತ್ತು ಕಳುಹಿಸುವವರುಂಟು, ಎರಡು ಪಟ್ಟು ಹಣ ಕೇಳುವವರುಂಟು, ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಆ ಚೀಟಿಯನ್ನು ಎಲ್ಲರೂ ನೋಡುವ ಮೇಜಿನ ಮೇಲೆ ಇಡುವವರುಂಟು. ಸಣ್ಣ ಊರುಗಳಲ್ಲಿ ಕೆಂಪು ಶಾಯಿಗೆ ರೆಕ್ಕೆಗಳಿರುತ್ತವೆ. ಊರ ಬಾಯಿಗೆ ಬೀಗ ಹಾಕುವವರಾರು?

ಈ ಭಯಕ್ಕೊಂದು ಚರಿತ್ರೆಯಿದೆ. ೧೯೯೦ರಲ್ಲಿ ಅಮೆರಿಕದ ಫ್ಲಾರಿಡ ರಾಜ್ಯದಲ್ಲಿ ಕಿಂಬರ್ಲಿ ಬರ್ಗಾಲಿಸ್ ಎಂಬ ತರುಣಿಗೆ ಆಕೆಯ ದಂತವೈದ್ಯನಿಂದಲೇ ಸೋಂಕು ತಗಲಿರಬೇಕೆಂಬ ವರದಿ ಹೊರಬಿದ್ದಿತು. ಮುಂದೆ ಅದೇ ವೈದ್ಯನ ಇನ್ನೂ ಐವರು ರೋಗಿಗಳು ಆ ಸಾಲಿಗೆ ಸೇರಿದರು. ೧೯೯೧ರ ಡಿಸೆಂಬರಿನಲ್ಲಿ ಆ ತರುಣಿ ತೀರಿಕೊಂಡಳು. ಸೋಂಕು ಹೇಗೆ ದಾಟಿತೆಂಬುದು ಕೊನೆಯವರೆಗೂ ನಿರ್ಧಾರವಾಗಲಿಲ್ಲ. ಬಳಿಕ ಸೋಂಕಿದ್ದ ಇತರ ವೈದ್ಯರ, ದಂತವೈದ್ಯರ ಸಾವಿರಾರು ರೋಗಿಗಳನ್ನು ಅಲ್ಲಿ ಹುಡುಕಿ ಪರೀಕ್ಷಿಸಿದರೂ ಅಂಥ ಇನ್ನೊಂದು ಪ್ರಸಂಗ ಕಾಣಲಿಲ್ಲ. ಆದರೂ ದಂತವೈದ್ಯಶಾಲೆಗೂ ಏಡ್ಸ್ ರೋಗಕ್ಕೂ ಜನಮನದಲ್ಲಿ ಗಂಟುಬಿದ್ದುಹೋಯಿತು. ರೋಗಿ ವೈದ್ಯರನ್ನೂ ವೈದ್ಯರು ರೋಗಿಯನ್ನೂ ಶಂಕಿಸುವಂತಾಯಿತು. ಆ ಘಟನೆಯಿಂದ ಕಲಿಯಬೇಕಾಗಿದ್ದ ಪಾಠ, ರೋಗಿಗಳನ್ನು ಆರಿಸಿ ದೂರವಿಡಬೇಕೆಂಬುದಲ್ಲ; ಉಪಕರಣಗಳನ್ನು ಎಲ್ಲರಿಗೂ ಒಂದೇ ತೆರನಾಗಿ ಶುದ್ಧಿಮಾಡಬೇಕೆಂಬುದು.

ಅಪಾಯವನ್ನು ಲೆಕ್ಕದ ಕಣ್ಣಿಂದ ನೋಡೋಣ. ಸೋಂಕಿತ ರಕ್ತವಿರುವ ಸೂಜಿ ವೈದ್ಯರ ಕೈಗೆ ಚುಚ್ಚಿದರೆ ಎಚ್.ಐ.ವಿ. ಹರಡುವ ಸಂಭವ ಸಾವಿರ ಚುಚ್ಚುಗಳಲ್ಲಿ ಸುಮಾರು ಮೂರು. ಲಸಿಕೆ ಹಾಕಿಸಿಕೊಳ್ಳದ ಕೈಗೆ ಕಾಮಾಲೆಯ ‘ಬಿ’ ವೈರಾಣು ಹರಡುವ ಸಂಭವ ಕೆಲವು ಸಂದರ್ಭಗಳಲ್ಲಿ ನೂರಕ್ಕೆ ಮೂವತ್ತರವರೆಗೂ ಏರುತ್ತದೆ. ಅದು ಒಣಗಿದ ರಕ್ತದಲ್ಲಿಯೂ ಒಂದು ವಾರ ಬದುಕಬಲ್ಲದು. ಎಚ್.ಐ.ವಿ. ದೇಹದ ಹೊರಗೆ ಬಹು ದುರ್ಬಲ. ಎಂಜಲಿನಿಂದ ಅದು ಹರಡುವುದಿಲ್ಲ. ಉಪಕರಣಗಳನ್ನು ಒತ್ತಡದ ಹಬೆಯಲ್ಲಿ ೧೨೧ ಡಿಗ್ರಿ ಶಾಖದಲ್ಲಿ ಹದಿನೈದು ಇಪ್ಪತ್ತು ನಿಮಿಷ ಇಟ್ಟರೆ ಎರಡೂ ಉಳಿಯುವುದಿಲ್ಲ. ಎಂದಮೇಲೆ ಕಾಮಾಲೆಗೆ ತಕ್ಕ ಎಚ್ಚರಿಕೆಯನ್ನು ಎಲ್ಲ ರೋಗಿಗಳ ವಿಷಯದಲ್ಲಿಯೂ ವಹಿಸುತ್ತಿರುವ ವೈದ್ಯರಿಗೆ ಎಚ್.ಐ.ವಿ. ರೋಗಿಗೆಂದು ಬೇರೆ ಏನನ್ನೂ ಮಾಡಬೇಕಾದ ಅಗತ್ಯವಿಲ್ಲ. ಅಷ್ಟು ಎಚ್ಚರಿಕೆಯನ್ನು ವಹಿಸದ ವೈದ್ಯರಿದ್ದರೆ ಅವರ ಬಳಿ ಯಾವ ರೋಗಿಯೂ ಸುರಕ್ಷಿತನಲ್ಲ. ಇದನ್ನೇ ೧೯೮೭ರಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರವು ಸಾರ್ವತ್ರಿಕ ಮುನ್ನೆಚ್ಚರಿಕೆ ಎಂಬ ಸೂತ್ರವಾಗಿ ಹೇಳಿತು: ಪ್ರತಿಯೊಬ್ಬರ ರಕ್ತವನ್ನೂ ಸೋಂಕಿರುವ ರಕ್ತವೆಂದೇ ತಿಳಿದು ನಡೆಯತಕ್ಕದ್ದು.

ಈ ಸೂತ್ರದಲ್ಲಿ ವಿಜ್ಞಾನದ ಜೊತೆಗೆ ಒಂದು ಧರ್ಮವೂ ಅಡಗಿದೆ. ಎಲ್ಲರನ್ನೂ ಸಮಾನವಾಗಿ ಶಂಕಿಸುವುದರಿಂದ ಯಾರನ್ನೂ ಅವಮಾನಿಸಬೇಕಾದ ಪ್ರಮೇಯ ಬರುವುದಿಲ್ಲ. ಹೇಳಿಕೊಂಡವನನ್ನು ಹೊರಗಟ್ಟುವ ವೈದ್ಯರು ತಮ್ಮನ್ನು ರಕ್ಷಿಸಿಕೊಂಡೆವೆಂದು ನಂಬಬಹುದು. ಆದರೆ ಹೇಳಿಕೊಂಡವನು ಬಹುಮಟ್ಟಿಗೆ ಚಿಕಿತ್ಸೆಯಲ್ಲಿರುವವನು. ಅವನ ರಕ್ತದಲ್ಲಿ ವೈರಾಣು ಇಳಿದಿರುತ್ತದೆ. ಅವನನ್ನು ಕಳುಹಿಸಿ ಅದೇ ಕುರ್ಚಿಯಲ್ಲಿ ಕೂರಿಸಿಕೊಂಡ ಮುಂದಿನ ವ್ಯಕ್ತಿ ತನಗೆ ಸೋಂಕಿರುವುದನ್ನೇ ಅರಿಯದವನಾಗಿರಬಹುದು. ಹೊಸದಾಗಿ ಸೋಂಕು ತಗಲಿದವನಾದರೆ ಪರೀಕ್ಷೆಯೂ ಕೆಲವು ವಾರ ಅದನ್ನು ತೋರಿಸದಿರಬಹುದು. ಸತ್ಯ ಹೇಳಿದವನಿಗೆ ಬಾಗಿಲು ಮುಚ್ಚಿ, ಮುಚ್ಚಿಟ್ಟವನಿಗೆ ಬಾಗಿಲು ತೆರೆದರೆ ಊರಿಗೆ ನಾವು ಕಲಿಸುವ ಪಾಠವೇನು? ಸುಳ್ಳು ಹೇಳಿ ಎಂಬುದೇ ಅಲ್ಲವೆ?

ಭಯ ಇಷ್ಟು ಅಶಾಸ್ತ್ರೀಯವಾಗಿದ್ದರೂ ಅದು ಬೇರುಬಿಟ್ಟಿರುವುದೇಕೆ? ನಮ್ಮ ಮಟ್ಟಿಗೆ ಅದರ ಬೇರು ಆಸ್ಪತ್ರೆಯಲ್ಲಿಲ್ಲ, ಅಡಿಗೆಮನೆಯಲ್ಲಿದೆ ಎಂದು ನನಗೆ ತೋರುತ್ತದೆ. ಎಂಜಲೆಂಬುದು ನಮಗೆ ಕೇವಲ ಬಾಯಿಯ ದ್ರವವಲ್ಲ. ಅದೊಂದು ಸಾಮಾಜಿಕ ಗಡಿರೇಖೆ. ಯಾರ ಎಂಜಲು ಯಾರಿಗೆ ಆಗಬಹುದು, ಯಾರ ಲೋಟವನ್ನು ಬೇರೆ ಇಡಬೇಕು ಎಂಬುದರ ಮೇಲೆ ಶತಮಾನಗಳ ಕಾಲ ಮನುಷ್ಯರನ್ನು ವಿಂಗಡಿಸಿದ ಸಮಾಜ ನಮ್ಮದು. ಮಡಿಮೈಲಿಗೆಗಳ ಹಳೆಯ ಮಾತನ್ನು ಬಹಿರಂಗವಾಗಿ ಆಡಲು ಇಂದು ನಾಚಿಕೆ. ಆದರೆ ಅದೇ ಮೈಲಿಗೆ ಈಗ ಕೈಗವಸು ತೊಟ್ಟುಕೊಂಡು, ಸೋಂಕುನಿವಾರಣೆಯೆಂಬ ಹೊಸ ಹೆಸರಿಟ್ಟುಕೊಂಡು ಹಿಂದಿರುಗಿದೆ. ಶುದ್ಧಿಗೂ ಮಡಿಗೂ ಇರುವ ಅಂತರವನ್ನು ಗುರುತಿಸುವುದು ಕಷ್ಟವಲ್ಲ. ಶುದ್ಧಿ ವಸ್ತುವನ್ನು ತೊಳೆಯುತ್ತದೆ. ಮಡಿ ಮನುಷ್ಯನನ್ನು ದೂರವಿಡುತ್ತದೆ. ಇಕ್ಕಳವನ್ನು ಬೇಯಿಸುವುದು ಶುದ್ಧಿ. ಬೇಯಿಸಿದ ಇಕ್ಕಳವಿದ್ದೂ ರೋಗಿಯನ್ನು ಹೊರಗೆ ನಿಲ್ಲಿಸುವುದು ಮಡಿ.

ಈ ವಿವಾದ ನಮ್ಮದು ಮಾತ್ರವಲ್ಲ. ೧೯೯೪ರಲ್ಲಿ ಅಮೆರಿಕದ ಮೇನ್ ರಾಜ್ಯದ ಬ್ಯಾಂಗರ್ ಊರಿನಲ್ಲಿ ಸಿಡ್ನಿ ಅಬಟ್ ಎಂಬ ಮಹಿಳೆ ಹುಳುಕು ಹಲ್ಲನ್ನು ತುಂಬಿಸಿಕೊಳ್ಳಲು ಹೋಗಿ, ತನಗೆ ಎಚ್.ಐ.ವಿ. ಇದೆಯೆಂದು ಅರ್ಜಿಯಲ್ಲಿ ಬರೆದರು. ದಂತವೈದ್ಯ ಬ್ರಾಗ್ಡನ್, ತನ್ನ ಕ್ಲಿನಿಕ್ಕಿನಲ್ಲಿ ಆಗದು, ಆಸ್ಪತ್ರೆಯಲ್ಲಾದರೆ ಮಾಡುವೆನು, ಆಸ್ಪತ್ರೆಯ ಖರ್ಚು ನಿಮ್ಮದು ಎಂದನು. ಆಕೆ ನ್ಯಾಯಾಲಯಕ್ಕೆ ಹೋದರು. ೧೯೯೮ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಹೊರಲಕ್ಷಣಗಳಿಲ್ಲದಿದ್ದರೂ ಎಚ್.ಐ.ವಿ. ಇರುವವರಿಗೆ ಅಂಗವೈಕಲ್ಯವುಳ್ಳವರ ಹಕ್ಕಿನ ಕಾನೂನಿನ ರಕ್ಷಣೆ ಉಂಟೆಂದು ತೀರ್ಪಿತ್ತಿತು. ಆ ದೇಶದ ಸರ್ವೋಚ್ಚ ನ್ಯಾಯಪೀಠದ ಮುಂದೆ ಈ ರೋಗದ ವಿಷಯವಾಗಿ ಮೊದಲು ಬಂದ ಮೊಕದ್ದಮೆ ಒಂದು ಹುಳುಕು ಹಲ್ಲಿನದೆಂಬುದು ಸ್ಮರಣೀಯ. ನಮ್ಮಲ್ಲಿಯೂ ಈಗ ಕಾನೂನಿನ ಕೊರತೆಯಿಲ್ಲ. ೨೦೧೭ರಲ್ಲಿ ಸಂಸತ್ತು ಅಂಗೀಕರಿಸಿ, ೨೦೧೮ನೆಯ ಸೆಪ್ಟೆಂಬರ್ ೧೦ರಿಂದ ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಅಧಿನಿಯಮದ ಪ್ರಕಾರ ಸೋಂಕಿನ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಚಿಕಿತ್ಸೆ ಕೊಡಬೇಕಾದರೆ ಮೊದಲು ಈ ಪರೀಕ್ಷೆ ಮಾಡಿಸಿಕೊಂಡು ಬಾ ಎನ್ನುವಂತಿಲ್ಲ. ರೋಗಿ ತಿಳಿದು ಒಪ್ಪಿದ ಹೊರತು ಪರೀಕ್ಷಿಸುವಂತಿಲ್ಲ. ಅವನ ಸ್ಥಿತಿಯನ್ನು ಅವನ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ತಿಳಿಸುವಂತಿಲ್ಲ. ದೂರು ಕೇಳಲು ರಾಜ್ಯಗಳು ಒಂಬುಡ್ಸ್‌ಮನ್ ಅಧಿಕಾರಿಯನ್ನು ನೇಮಿಸತಕ್ಕದ್ದೆಂದೂ ವಿಧಿಸಲಾಗಿದೆ.

ದಂತವೈದ್ಯರ ಪರವಾಗಿಯೂ ಒಂದೆರಡು ಮಾತುಗಳನ್ನು ಹೇಳುವುದು ನ್ಯಾಯ. ತಾಲ್ಲೂಕು ಕೇಂದ್ರದ ಒಂದೇ ಕೊಠಡಿಯಲ್ಲಿ ಸಾಲ ತಂದು ದವಾಖಾನೆ ತೆರೆದ ತರುಣ ವೈದ್ಯರಿಗೆ ಪ್ರತಿ ರೋಗಿಗೂ ಹೊಸ ಕೈಗವಸು, ಪ್ರತಿ ಉಪಕರಣಕ್ಕೂ ಹಬೆಯ ಶುದ್ಧಿ ಎಂದರೆ ಖರ್ಚು. ‘ಅಂಥವರನ್ನೆಲ್ಲ ಮುಟ್ಟುತ್ತಾರಂತೆ’ ಎಂಬ ಸುದ್ದಿ ಹಬ್ಬಿದರೆ ಉಳಿದ ರೋಗಿಗಳು ಬರುವುದಿಲ್ಲವೆಂಬ ಅಂಜಿಕೆ. ಸೂಜಿ ಚುಚ್ಚಿದರೆ ಆದಷ್ಟು ಬೇಗ, ಹೆಚ್ಚೆಂದರೆ ೭೨ ಗಂಟೆಗಳೊಳಗೆ ಮುಂಜಾಗ್ರತೆಯ ಔಷಧವನ್ನು ಆರಂಭಿಸಿ ೨೮ ದಿನ ಸೇವಿಸಬೇಕು. ಆ ಔಷಧ ಎಲ್ಲಿ ಸಿಗುತ್ತದೆಂಬುದು ಅನೇಕರಿಗೆ ತಿಳಿಯದು. ಮೇಲೆ ಹೇಳಿದ ಅಧಿನಿಯಮವೇ ಆರೋಗ್ಯಸೇವೆಯ ಸಂಸ್ಥೆಗಳು ತಮ್ಮ ಕೆಲಸಗಾರರಿಗೆ ರಕ್ಷಣೆಯ ಸಾಮಗ್ರಿ, ತರಬೇತಿ, ಈ ಔಷಧ ಇವುಗಳನ್ನು ಒದಗಿಸತಕ್ಕದ್ದೆಂದು ಹೇಳಿದೆ. ಸ್ವಂತ ದವಾಖಾನೆಯ ವೈದ್ಯರಿಗೂ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಈ ಔಷಧ ಹಗಲಿರುಳೂ ದೊರೆಯುವಂತೆ ಮಾಡುವುದು ಆಡಳಿತದ ಹೊಣೆ. ಭಯವನ್ನು ಉಪದೇಶದಿಂದ ಮಾತ್ರ ಓಡಿಸಲಾಗದು.

ದಂತವೈದ್ಯ ಕಾಲೇಜುಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶದಲ್ಲಿಯೇ ಮುಂದಿರುವ ರಾಜ್ಯ. ೧೯೫೦ರ ದಶಕದಲ್ಲಿ ಮಣಿಪಾಲದಲ್ಲಿಯೂ ಬೆಂಗಳೂರಿನಲ್ಲಿಯೂ ಮೊದಲಾದ ಈ ಶಿಕ್ಷಣ ಇಂದು ಜಿಲ್ಲೆಜಿಲ್ಲೆಗೂ ಹರಡಿದೆ. ನಮ್ಮ ವಿದ್ಯಾರ್ಥಿಗಳು ಮೇಲೆ ಹೇಳಿದ ಚಿಹ್ನೆಗಳನ್ನೆಲ್ಲ ಚಿತ್ರಸಮೇತ ಕಲಿತು ಪರೀಕ್ಷೆಯಲ್ಲಿ ಬರೆಯುತ್ತಾರೆ. ಕಣ್ಣಿನ ಶಿಕ್ಷಣ ಹೀಗೆ ನಡೆದಿದೆ. ನಾಲಿಗೆಯ ಶಿಕ್ಷಣ ನಡೆಯಬೇಕಾಗಿದೆ. ಕಂಡದ್ದನ್ನು ಕನ್ನಡದಲ್ಲಿ, ಎದುರಿಗಿರುವ ರೈತನಿಗೋ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳಿಗೋ ತಿಳಿ೦ಮಾತಿನಲ್ಲಿ, ನೋಯದಂತೆ ಹೇಳುವುದು ಹೇಗೆ, ಹೇಳಿದ್ದನ್ನು ಗುಟ್ಟಾಗಿ ಕಾಪಾಡುವುದು ಹೇಗೆ ಎಂಬುದನ್ನು ಹಲ್ಲು ಕೀಳುವ ಕ್ರಮದಷ್ಟೇ ಶ್ರದ್ಧೆಯಿಂದ ಕಲಿಸಬೇಕು. ಎಚ್.ಐ.ವಿ. ಚಿಕಿತ್ಸಾ ಕೇಂದ್ರಗಳಲ್ಲಿಯೂ ಬಾಯಿಯ ಪರೀಕ್ಷೆಗೆ ಒಂದು ಮೂಲೆಯನ್ನಾದರೂ ಒದಗಿಸಬೇಕು. ಹಲ್ಲುಕೆಟ್ಟು ಉಣಲಾಗದವನಿಗೆ ಎಷ್ಟು ಮಾತ್ರೆ ಕೊಟ್ಟು ಫಲವೇನು?

ಉಳಿದದ್ದು ನಮ್ಮ ಪಾಲು, ಎಂದರೆ ದವಾಖಾನೆಯ ಹೊರಗಣ ಬೆಂಚಿನ ಮೇಲೆ ಕುಳಿತು ಸರದಿ ಕಾಯುವವರ ಪಾಲು. ‘ಇಲ್ಲಿ ಅಂಥ ರೋಗಿಗಳು ಬರುತ್ತಾರೆಯೆ?’ ಎಂದು ವೈದ್ಯರನ್ನು ಕೇಳುವುದು ತಪ್ಪು ಪ್ರಶ್ನೆ. ‘ನಿಮ್ಮ ಉಪಕರಣಗಳನ್ನು ಪ್ರತಿಯೊಬ್ಬರಿಗೂ ಹಬೆಯಲ್ಲಿ ಶುದ್ಧಿಮಾಡುತ್ತೀರಾ?’ ಎಂದು ಕೇಳುವುದು ಸರಿಯಾದ ಪ್ರಶ್ನೆ. ಮೊದಲನೆಯ ಪ್ರಶ್ನೆ ಒಬ್ಬ ನಿರಪರಾಧಿಯನ್ನು ಬೀದಿಗೆ ದೂಡುತ್ತದೆ, ಕೇಳಿದವನಿಗೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಎರಡನೆಯದು ಎಲ್ಲರನ್ನೂ ರಕ್ಷಿಸುತ್ತದೆ.

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ಮಾತಾಳಿಗಳ ವಿಷಯದಲ್ಲಿ ನಿಜವಾಗಿಯೇ ಇರಲಿ. ಆದರೆ ರೋಗಿಯ ಬಾಯಿಯ ವಿಷಯದಲ್ಲಿ ಅದು ಸುಳ್ಳಾಗಬೇಕು. ಅಲ್ಲಿ ತೆರೆಯಬೇಕಾದದ್ದು ರೋಗಿಯ ಬಾಯಿ, ಮುಚ್ಚಿರಬೇಕಾದದ್ದು ಊರಿನ ಬಾಯಿ. ಈಗ ನಡೆಯುತ್ತಿರುವುದು ಇದಕ್ಕೆ ವ್ಯತಿರಿಕ್ತವಾಗಿದೆ. ಇದನ್ನು ಸರಿಪಡಿಸುವುದಕ್ಕೆ ಹೊಸ ಔಷಧವೂ ಬೇಡ, ಹೊಸ ಕಾನೂನೂ ಬೇಡ. ಬೇಕಾದದ್ದು ಎಲ್ಲರಿಗೂ ಒಂದೇ ಕೈಗವಸು, ಎಲ್ಲರಿಗೂ ಒಂದೇ ಕುರ್ಚಿ, ಎಲ್ಲರಿಗೂ ಒಂದೇ ಮರ್ಯಾದೆ.